ಮನೆಯೊಳಗೆ ಬಂದ ಗಣಿ: ಪಾದರಸ, ಚಿನ್ನ ಮತ್ತು ಕಾರ್ಮಿಕರ ಸುರಕ್ಷತೆ

ಕಾರವಾರದಲ್ಲಿ ನಾವು ನಾಲ್ಕೈದು ಜನ ಪರೀಕ್ಷೆಗೆಂದು ಕೂತು ಕೈಯಲ್ಲೇ ಚಿನ್ನ ತೆಗೆಯುವ ಸಣ್ಣ ಗಣಿಗಳ ಪಾಠ ಓದಿದಾಗ, ಅಪಾಯಗಳ ಪಟ್ಟಿಯಲ್ಲಿ ಎಲ್ಲರೂ ಬರೆದದ್ದು ಗುಂಡಿ ಕುಸಿತ, ಉಸಿರುಗಟ್ಟುವಿಕೆ, ಸ್ಫೋಟ. ಅವು ಸರಿಯೇ. ಗುಂಡಿಯಿಂದ ಮೇಲೆ ಬಂದು ಒಲೆಯ ಮುಂದೆ ಕೂತ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಬರೆದಿರಲಿಲ್ಲ. ಹಾಗಾಗಿ ಈ ಟಿಪ್ಪಣಿ.

ಇಲ್ಲಿ ಹೇಳುತ್ತಿರುವುದು ಹಟ್ಟಿಯಂಥ ದೊಡ್ಡ ಗಣಿಯ ವಿಷಯವಲ್ಲ, 2001ರಲ್ಲಿ ಮುಚ್ಚಿದ ಕೋಲಾರದ್ದೂ ಅಲ್ಲ. ಘಾನಾ, ಪೆರು, ಇಂಡೋನೇಷ್ಯಾದಂಥ ಎಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ, ಒಂದು ಕೋಟಿಗೂ ಮಿಕ್ಕಿದ ಜನ ಕೈಯಲ್ಲೇ ಅಗೆದು, ಕುಟ್ಟಿ, ತೊಳೆದು ಚಿನ್ನ ತೆಗೆಯುತ್ತಾರೆ.

ತತ್ವ ನಮ್ಮ ಅಡುಗೆಮನೆಯದೇ. ಅಕ್ಕಿ ಗಾಳಿಸಿದರೆ ಕಲ್ಲು ತಳದಲ್ಲಿ ಉಳಿಯುತ್ತದಲ್ಲ, ಹಾಗೆ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ಬೆಣಚುಕಲ್ಲಿನದು ಸುಮಾರು 2.65. ಗದಗ ಕಡೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಹಿಂದೆ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದುದೂ ಹೀಗೆಯೇ. ಹಿಟ್ಟಿನಷ್ಟು ನುಣ್ಣನೆಯ ಕಣ ಮಾತ್ರ ನೀರಿನ ಜೊತೆ ಹರಿದುಹೋಗುತ್ತದೆ. ಅದನ್ನು ಹಿಡಿಯಲು ಪಾದರಸ ಬೆರೆಸುತ್ತಾರೆ. ಎರಡೂ ಸೇರಿ ಮುದ್ದೆಯಾಗುತ್ತದೆ, ಇದೇ ಅಮಾಲ್ಗಮ್. ಬಟ್ಟೆಯಲ್ಲಿ ಹಿಂಡಿ ಬೆಂಕಿಗೆ ಹಿಡಿದರೆ ಪಾದರಸ ಹಾರಿಹೋಗಿ ಚಿನ್ನ ಉಳಿಯುತ್ತದೆ.

ಹಾರಿದ ಪಾದರಸ ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳಿ. ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಚಿನ್ನ ಕರಗಲು 1064 ಬೇಕು. ಆದ್ದರಿಂದ ಅಡುಗೆ ಒಲೆಯೇ ಸಾಕಾಗುತ್ತದೆ, ಎಷ್ಟೋ ಕಡೆ ಕೆಲಸ ಮನೆಯೊಳಗೇ ನಡೆಯುತ್ತದೆ. ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗೆಳೆದುಕೊಂಡ ಆವಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಮೈಗೆ ಸೇರಿ ಮಿದುಳು, ಮೂತ್ರಪಿಂಡ ತಲುಪುತ್ತದೆ. ಕೈನಡುಕ, ಮರೆವು, ನಿದ್ದೆಗೇಡು ಶುರುವಾಗುತ್ತದೆ. ಬಸಿರಿಯಿಂದ ಹೊಟ್ಟೆಯ ಮಗುವಿಗೂ ದಾಟುತ್ತದೆ. ಗೋಡೆ, ಮಾಡಿನ ಮೇಲೆ ಕೂತದ್ದು ಬಿಸಿಲೇರಿದಾಗ ಮತ್ತೆ ಆವಿಯಾಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿದರೆ ಆವಿ ನಿಲ್ಲುವುದಿಲ್ಲ. ಉತ್ತರಪತ್ರಿಕೆಯಲ್ಲಿ "ಮುಖಗವಸು ಧರಿಸಬೇಕು" ಎಂದಷ್ಟೇ ಬರೆದು ಮುಗಿಸಬೇಡಿ.

ಪರಿಹಾರಗಳಲ್ಲಿ ಮೊದಲನೆಯದು ರಿಟಾರ್ಟ್. ಗೇರುಹಣ್ಣಿನ ಭಟ್ಟಿ ಇಳಿಸುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ: ಮುಚ್ಚಿದ ಪಾತ್ರೆ, ನಳಿಕೆ, ತಣ್ಣೀರು. ಆವಿ ಮತ್ತೆ ಪಾದರಸವಾಗಿ ಇಳಿಯುತ್ತದೆ, ಇನ್ನೊಮ್ಮೆ ಬಳಸಬಹುದು. ಇದನ್ನೂ ಬಯಲಲ್ಲೇ ಮಾಡಬೇಕು.

ಎರಡನೆಯದು ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ನಮ್ಮೂರ ಅಕ್ಕಸಾಲಿ ಶೇಟರ ಅಂಗಡಿಯಲ್ಲಿ ಬೆಸುಗೆಗೆ ಬಿಳಿಗಾರ (ಬೋರಾಕ್ಸ್) ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಫಿಲಿಪೀನ್ಸಿನ ಬೆಂಗೆಟ್ ಪ್ರಾಂತ್ಯದ ಗಣಿಗಾರರು ಪಾದರಸದ ಬದಲು ಅದೇ ಬಿಳಿಗಾರ ಬಳಸುತ್ತಾರೆ. ಮೊದಲು ಚೆನ್ನಾಗಿ ಗಾಳಿಸಿ, ಉಳಿದದ್ದನ್ನು ಬಿಳಿಗಾರದೊಂದಿಗೆ ಮೂಸೆಯಲ್ಲಿ ಕರಗಿಸುತ್ತಾರೆ. ಬಿಳಿಗಾರ ಇದ್ದರೆ ಕಲ್ಮಶ ಕಡಿಮೆ ಉಷ್ಣದಲ್ಲೇ ಕರಗಿ ಮೇಲೆ ತೇಲುತ್ತದೆ, ಚಿನ್ನ ತಳ ಸೇರುತ್ತದೆ. ಎಲ್ಲ ಬಗೆಯ ಅದಿರಿಗೂ ಇದು ಹೊಂದುವುದಿಲ್ಲ.

ದೂಳಿನದೂ ಇದೇ ಕಥೆ. ಬೆಣಚುಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್‌ಗೆ ಗುಣವಿಲ್ಲ. ನೀರು ಹಾಕಿ ಅರೆದರೆ ದೂಳು ತಗ್ಗುತ್ತದೆ. 2010ರಲ್ಲಿ ನೈಜೀರಿಯಾದ ಜಾಂಫರಾದಲ್ಲಿ ಸೀಸ ಬೆರೆತ ಅದಿರನ್ನು ಮನೆಯಂಗಳದಲ್ಲೇ ಪುಡಿ ಮಾಡಿದ್ದರಿಂದ ನೂರಾರು ಮಕ್ಕಳು ಸತ್ತರು. ಆ ಮಕ್ಕಳಲ್ಲಿ ಹೆಚ್ಚಿನವರು ಐದು ವರ್ಷದೊಳಗಿನವರು.

ಕಾನೂನಿನ ಪ್ರಶ್ನೆ ಬಂದರೆ ಪಾದರಸದ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 2013ರ ಮಿನಮಾಟಾ ಒಪ್ಪಂದ ಬರೆಯಿರಿ. 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅನುಮೋದಿಸಿತು. ಅದು ಈ ಗಣಿಗಳಲ್ಲಿ ಪಾದರಸವನ್ನು ಒಮ್ಮೆಲೇ ನಿಷೇಧಿಸಿಲ್ಲ, ತಗ್ಗಿಸಲು ಹೇಳಿದೆ. ನನಗದು ಸಾಲದೆನಿಸುತ್ತದೆ. ಆದರೂ ನಿಲ್ಲಿಸಲೇಬೇಕಾದ ನಾಲ್ಕು ಪದ್ಧತಿಗಳಲ್ಲಿ ಒಂದಾಗಿ, ಜನವಸತಿಯಲ್ಲಿ ಅಮಾಲ್ಗಮ್ ಸುಡುವುದನ್ನು ಅದು ಹೆಸರಿಸಿದೆ.