ಕಾರ್ಬೊರೇಟರ್ ಬಿಚ್ಚುವ ಮೊದಲು

ಹಳೆಯ ಬೈಕ್ ತಳ್ಳಿಕೊಂಡು ಗ್ಯಾರೇಜಿಗೆ ಬರುವವರು ಕಾಯಿಲೆಯನ್ನಷ್ಟೇ ಹೇಳುವುದಿಲ್ಲ, ಮದ್ದನ್ನೂ ತಾವೇ ಬರೆದುಕೊಂಡು ಬಂದಿರುತ್ತಾರೆ. "ಅಣ್ಣಾ, ಕಾರ್ಬೊರೇಟರ್ ಒಂದು ಬಿಚ್ಚಿ ತೊಳೆದುಬಿಡಿ." ಆರ್‌ಎಕ್ಸ್ 100 ಇರಲಿ, ಮೈಸೂರಿನಲ್ಲೇ ತಯಾರಾಗುತ್ತಿದ್ದ ಹಳೆಯ ಯೆಜ್ಡಿ ಇರಲಿ, ಮೊದಲ ತಲೆಮಾರಿನ ಸ್ಪ್ಲೆಂಡರ್ ಇರಲಿ, ಮಾತು ಇದೇ. ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಎಂಜಿನ್‌ಗೆ ಕೊಡುವ ಭಾಗವೇ ಕಾರ್ಬೊರೇಟರ್. ನಾನು ಸ್ಪ್ಯಾನರ್ ಎತ್ತುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ತೊಂದರೆ ಯಾವಾಗ ಬರುತ್ತದೆ?

ಬೆಳಗ್ಗೆ ಚೋಕ್ (ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಎಳೆದರೆ ಮಾತ್ರ ಸ್ಟಾರ್ಟ್ ಆಗಿ, ಚೋಕ್ ಬಿಟ್ಟೊಡನೆ ನಿಂತುಹೋಗುವ ಗಾಡಿಯಲ್ಲಿ ನನ್ನ ಸಂಶಯ ಪೈಲಟ್ ಜೆಟ್ ಮೇಲೆ, ಅಂದರೆ ಐಡ್ಲಿಂಗ್‌ಗೆ (ಆಕ್ಸಿಲರೇಟರ್ ತಿರುಗಿಸದೆ ಎಂಜಿನ್ ಓಡುವುದಕ್ಕೆ) ಪೆಟ್ರೋಲ್ ಕೊಡುವ ಸಣ್ಣ ರಂಧ್ರದ ತುಂಡಿನ ಮೇಲೆ. ಐಡ್ಲಿಂಗ್ ಚೆನ್ನಾಗಿದ್ದು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಮುಗ್ಗರಿಸಿದರೆ ಆ ವೇಗಕ್ಕೆ ಪೆಟ್ರೋಲ್ ಕೊಡುವ ಮೇನ್ ಜೆಟ್ ಕಟ್ಟಿರಬೇಕು, ಇಲ್ಲವೇ ಅದರವರೆಗೆ ಸಾಕಷ್ಟು ಪೆಟ್ರೋಲ್ ತಲುಪುತ್ತಿಲ್ಲ. ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ, ಪೆಟ್ರೋಲ್ ಮುಗಿದಂತೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದಂತೆ ಮತ್ತೆ ಸ್ಟಾರ್ಟ್ ಆಗುವುದು ಇನ್ನೊಂದು ಬಗೆ. ಪೆಟ್ರೋಲ್ ಬಾರದಿದ್ದರೂ, ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಯಾಗಿ ಕಿಡಿ ನಿಂತರೂ ಹೀಗೇ ಆಗುತ್ತದೆ, ಆದ್ದರಿಂದ ನಿಂತ ಜಾಗದಲ್ಲೇ ಪ್ಲಗ್ ಬಿಚ್ಚಿ ನೋಡುವುದು ಒಳ್ಳೆಯದು. ಪ್ಲಗ್ ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಹಸಿಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿಯನ್ನು ಹುಡುಕಿ.

ಪ್ಲಗ್ ಒಣಗಿದ್ದರೂ ಕಾರ್ಬೊರೇಟರ್ ಬಿಚ್ಚಬೇಕಾಗಿಲ್ಲ. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು ಫ್ಲೋಟ್ ಬೌಲ್. ಹೆಚ್ಚಿನ ಗಾಡಿಗಳಲ್ಲಿ ಅದರ ಅಡಿಯಲ್ಲಿ ಒಂದು ಸಣ್ಣ ಡ್ರೈನ್ ಸ್ಕ್ರೂ ಇರುತ್ತದೆ. ಎಂಜಿನ್ ತಣ್ಣಗಾದ ಮೇಲೆ, ಹತ್ತಿರದಲ್ಲಿ ಬೀಡಿ, ಬೆಂಕಿ ಇಲ್ಲದ ಬಯಲು ಜಾಗದಲ್ಲಿ, ಅದರ ಕೆಳಗೆ ಗಾಜಿನ ಬಾಟಲಿ ಹಿಡಿದು ಸ್ಕ್ರೂ ಸಡಿಲಿಸಿ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ತೆರೆದೇ ಇರಲಿ. ಮೊದಲು ಬೌಲ್‌ನಲ್ಲಿದ್ದದ್ದು ರಭಸವಾಗಿ ಇಳಿಯುತ್ತದೆ, ಅದನ್ನು ನೋಡಿ ಸಮಾಧಾನಪಡಬೇಡಿ. ಅರ್ಧ ನಿಮಿಷ ತಾಳಿ. ಧಾರೆ ಒಂದೇ ಸಮನೆ ಬರುತ್ತಿದ್ದರೆ ಟ್ಯಾಂಕಿನಿಂದ ಬೌಲ್‌ವರೆಗಿನ ದಾರಿ ಸರಿಯಾಗಿದೆ. ಧಾರೆ ಸಣ್ಣಗಾಗುತ್ತಾ ಹನಿಗೆ ಇಳಿದರೆ ಟ್ಯಾಂಕ್ ಮುಚ್ಚಳ ತೆಗೆಯಿರಿ. ತೆಗೆದ ಕೂಡಲೇ ಧಾರೆ ಮತ್ತೆ ದಪ್ಪವಾಯಿತೇ? ಮುಚ್ಚಳದಲ್ಲಿರುವ ಗಾಳಿಯ ರಂಧ್ರ ಮುಚ್ಚಿದೆ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗದೆ ಟ್ಯಾಂಕ್ ಅದನ್ನು ಹಿಡಿದುಕೊಂಡಿತ್ತು. ಮುಚ್ಚಳ ತೆಗೆದರೂ ಹನಿಯೇ ಬಂದರೆ ಕಾಕ್‌ನ ಜಾಲರಿ, ಪೈಪಿನ ಮಡಿಕೆ, ಫ್ಲೋಟ್ ನೀಡಲ್ (ಬೌಲ್ ತುಂಬಿದಾಗ ತೇಲುವ ಫ್ಲೋಟ್ ಮೇಲೆತ್ತಿ ಪೆಟ್ರೋಲ್ ನಿಲ್ಲಿಸುವ ಮುಳ್ಳು), ಈ ಮೂರರಲ್ಲಿ ಒಂದು. ಕಾಕ್ ಮೇನ್‌ನಲ್ಲಿದ್ದಾಗ ಬಾರದ ಪೆಟ್ರೋಲ್ ರಿಸರ್ವ್‌ನಲ್ಲಿ ಬರುತ್ತದೆಯೇ ಎಂದೂ ನೋಡಿ.

ಬಾಟಲಿಯನ್ನು ಚೆಲ್ಲಬೇಡಿ, ಬೆಳಕಿಗೆ ಹಿಡಿಯಿರಿ. ತಳದಲ್ಲಿ ಕಂದು ಪುಡಿ ಕಂಡರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ಅದನ್ನು ಬಿಟ್ಟು ಜೆಟ್ ತೊಳೆದರೆ ತಿಂಗಳೊಳಗೆ ಅದೇ ಗಿರಾಕಿ ಅದೇ ಗಾಡಿಯೊಂದಿಗೆ ಬಂದು ನಿಲ್ಲುತ್ತಾನೆ. ಮಲೆನಾಡಿನ ಮಳೆಯಲ್ಲಿ ನಿಂತ ಗಾಡಿಗಳಲ್ಲಿ ನೀರೂ ಸೇರಿರುತ್ತದೆ. ಮೊದಲೆಲ್ಲ ನೀರು ತಳದಲ್ಲಿ ಗುಂಡಗಿನ ಹನಿಗಳಾಗಿ ಕೂರುತ್ತಿತ್ತು. ಈಗಿನ ಪೆಟ್ರೋಲ್‌ನಲ್ಲಿ 20 ಶೇಕಡಾದವರೆಗೆ ಎಥೆನಾಲ್ ಇದೆ, ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎರಡೂ ಸೇರಿ ಮಬ್ಬಾದ ಪದರವಾಗಿ ಅಡಿಗೆ ಇಳಿಯುತ್ತವೆ. ಕಾಕ್, ಅದರಲ್ಲೂ ರಿಸರ್ವ್‌ನಲ್ಲಿ, ಎಳೆಯುವುದು ಅಡಿಯಿಂದಲೇ. ಹಳೆಯ ರಬ್ಬರ್ ಪೈಪು, ವಾಷರ್‌ಗಳೂ ಎಥೆನಾಲ್‌ಗೆಂದು ಮಾಡಿದವಲ್ಲ, ಉಬ್ಬುತ್ತವೆ, ಬಿರಿಯುತ್ತವೆ. ಅವುಗಳ ಬೆಲೆ ಹೆಚ್ಚಲ್ಲ, ಬದಲಾಯಿಸಿಬಿಡಿ.

ಪೆಟ್ರೋಲ್ ಬಾರದಿರುವುದಕ್ಕೆ ತಿರುವುಮುರುವಾದ ತೊಂದರೆ ಓವರ್‌ಫ್ಲೋ, ಅಂದರೆ ಬೌಲ್ ತುಂಬಿ ಚೆಲ್ಲುವುದು. ನೀಡಲ್ ಕೂರುವ ಜಾಗದಲ್ಲಿ ಕಸ ಸಿಕ್ಕಿಕೊಂಡರೆ, ನೀಡಲ್ ತುದಿಯಲ್ಲಿ ಸವೆದ ಗೆರೆ ಬಿದ್ದರೆ, ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದು ಮುಳುಗಿದರೆ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಹಿತ್ತಾಳೆಯ ಫ್ಲೋಟ್ ಆದರೆ ಬಿಚ್ಚಿ ಕಿವಿಯ ಬಳಿ ಅಲುಗಾಡಿಸಿ, ಒಳಗೆ ಪೆಟ್ರೋಲ್ ಕುಲುಕುವುದು ಕೇಳುತ್ತದೆ. ನೆಲಕ್ಕೆ ಬೀಳುವ ಪೆಟ್ರೋಲ್‌ಗಿಂತ ಕಾಣದೆ ಎಂಜಿನ್ ಒಳಗೆ ಇಳಿಯುವ ಪೆಟ್ರೋಲ್ ಹೆಚ್ಚು ಅಪಾಯಕಾರಿ. ಸ್ಪ್ಲೆಂಡರ್‌ನಂಥ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಅದು ಆಯಿಲ್‌ಗೆ ಸೇರಿ ಆಯಿಲ್ ತೆಳುವಾಗುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತೆಗೆದು ಮೂಸಿ, ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಾಯಿಸದೆ ಓಡಿಸಬೇಡಿ. ನಿಲ್ಲಿಸಿದಾಗ ಕಾಕ್ ಮುಚ್ಚುವ ಹಳಬರ ಅಭ್ಯಾಸ ಸುಮ್ಮನೆ ಬಂದದ್ದಲ್ಲ.

ಇಷ್ಟೆಲ್ಲ ನೋಡಿಯೂ ಬಿಚ್ಚಲೇಬೇಕಾದರೆ ಬಿಚ್ಚಿ, ಆದರೆ ಜೆಟ್‌ಗೆ ಸೂಜಿ, ತಂತಿ ತೂರಿಸಬೇಡಿ. ಪೈಲಟ್ ಜೆಟ್‌ನ ರಂಧ್ರ ಅರ್ಧ ಮಿಲಿಮೀಟರಿಗಿಂತ ಸಣ್ಣದು, ಹಿತ್ತಾಳೆ ಮೆತ್ತಗಿನ ಲೋಹ. ಒಮ್ಮೆ ರಂಧ್ರ ದೊಡ್ಡದಾದರೆ ಮೈಲೇಜ್ ಹೋಯಿತು, ಯಾವ ಟ್ಯೂನಿಂಗ್‌ನಿಂದಲೂ ಅದು ಸರಿಯಾಗದು. ಕ್ಲೀನರ್‌ನಲ್ಲಿ ನೆನೆಸಿ, ಕಂಪ್ರೆಸರ್ ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿ. ರಂಧ್ರ ಪೂರ್ತಿ ದುಂಡಗೆ ಕಾಣಬೇಕು.

ಐಡ್ಲಿಂಗ್‌ನಲ್ಲಿ ಗಾಳಿ, ಪೆಟ್ರೋಲ್ ಪಾಲು ಹೊಂದಿಸುವ ಮಿಕ್ಸ್‌ಚರ್ ಸ್ಕ್ರೂ ಕಡೆಯ ಕೆಲಸ, ಅದೂ ಎಂಜಿನ್ ಬಿಸಿಯಾದ ಮೇಲೆ. ಬಿಗಿಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಎಲ್ಲ ಗಾಡಿಗೂ ಹೊಂದುವುದಿಲ್ಲ. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದು, ಬಿಗಿಮಾಡಿದಷ್ಟೂ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಎಂಜಿನ್ ಕಡೆಗಿದ್ದರೆ ಸಾಮಾನ್ಯವಾಗಿ ಪೆಟ್ರೋಲ್‌ನದು, ಬಿಗಿಮಾಡಿದರೆ ಪಾಲು ಕಡಿಮೆಯಾಗುತ್ತದೆ. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಉಳಿತಾಯದ ಆಸೆಗೆ ಪೆಟ್ರೋಲ್ ತೀರಾ ಕಡಿಮೆ ಮಾಡಿದರೆ ಪಿಸ್ಟನ್ ಜಾಮ್ ಆಗುವ ಅಪಾಯವಿದೆ. ಎಷ್ಟು ತಿರುಗಿಸಿದರೂ ಐಡ್ಲಿಂಗ್ ಏರಿಳಿಯುತ್ತಲೇ ಇದ್ದರೆ ಸ್ಕ್ರೂ ಬಿಟ್ಟು, ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರನ್ನು ಬಗ್ಗಿಸಿ ನೋಡಿ, ಬಿರುಕಿನಿಂದ ಗಾಳಿ ಒಳಸೇರುತ್ತಿರಬಹುದು. ಬಿರುಕು ಬಹುಪಾಲು ಕೈಗೆ ಸಿಗದ ಅಡಿಭಾಗದಲ್ಲೇ ಇರುತ್ತದೆ.