ಆರುನೂರಾ ಒಂದು ಅಡ್ಡಕೊಯ್ತ

12 ಕಿಲೋಮೀಟರ್ ರಸ್ತೆ. ಪ್ರತಿ 20 ಮೀಟರಿಗೆ ಒಂದು ಅಡ್ಡಕೊಯ್ತ, ಅಂದರೆ ರಸ್ತೆಯನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ನೋಟದ ನಕ್ಷೆ. ಸೊನ್ನೆ ಚೈನೇಜಿನದ್ದೂ (ಚೈನೇಜ್ ಅಂದರೆ ರಸ್ತೆಯ ಶುರುವಿನಿಂದ ಅಳೆದ ದೂರ) ಸೇರಿದರೆ 601. ಒಂದೊಂದರಲ್ಲೂ ನೆಲದ ಗೆರೆ, ರಸ್ತೆಯ ಗೆರೆ, ಎರಡು ಬದಿಯ ಇಳಿಜಾರು, ಕೆಳಗೆ ಲೆವೆಲ್‌ಗಳ, ಅಂದರೆ ಎತ್ತರದ ಅಂಕಿಗಳ, ಸಾಲು. ಕೈ ಪಳಗಿದವರಿಗೂ ಒಂದಕ್ಕೆ ಹತ್ತು ನಿಮಿಷ ಬೇಕೇ ಬೇಕು. ಗುಣಿಸಿ ನೋಡಿ: ನೂರು ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಹನ್ನೆರಡೂವರೆ ದಿನ, ಅದೂ ಟೀಗೆ ಏಳದೆ ಕೂತರೆ. ಎಲ್ಲ ಮುಗಿದ ಮೇಲೆ ಸಾಹೇಬರು ಬಂದು "ರಸ್ತೆ ಇನ್ನರ್ಧ ಅಡಿ ಏರಿಸೋಣ್ರೀ" ಅಂದರೆ ಮತ್ತೆ ಮೊದಲಿಂದ.

ನಾನು ಕೆಲಸಕ್ಕೆ ಸೇರಿದ ಆಫೀಸಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ಸಾಫ್ಟ್‌ವೇರ್ ಇತ್ತು. ಅದನ್ನು ಬಳಸುತ್ತಿದ್ದದ್ದು ಮಾತ್ರ ಡ್ರಾಯಿಂಗ್ ಬೋರ್ಡಿನಂತೆ. ಟ್ರೇಸಿಂಗ್ ಶೀಟು ಹೋಗಿ ಪರದೆ ಬಂದಿತ್ತು, ಬ್ಲೇಡಿನಲ್ಲಿ ಇಂಕು ಕೆರೆಯುವುದು ಹೋಗಿ ಅನ್‌ಡೂ ಬಂದಿತ್ತು, ಅಷ್ಟೇ. "ಕಂಪ್ಯೂಟರ್ ಇದೆಯಲ್ಲ, ಅದೇ ಬರ್ಕೊಳುತ್ತೆ" ಎಂದು ಹೊರಗಿನವರು ಹೇಳಿದಾಗ ನನಗೆ ಈಗಲೂ ಮೈ ಉರಿಯುತ್ತದೆ. ಹೇಳಿಕೊಡದೆ ಅದೇನನ್ನೂ ಬರೆಯುವುದಿಲ್ಲ. ಒಳಗಿನವರ ನಂಬಿಕೆ ಇನ್ನೂ ಕೆಟ್ಟದ್ದು: ಪ್ರೋಗ್ರಾಂ ಬರೆಯುವುದು ಸಾಫ್ಟ್‌ವೇರಿನವರ ಕೆಲಸವಂತೆ. ಆಯುಧಪೂಜೆಗೆ ನಕ್ಷೆ ಮುದ್ರಿಸುವ ಪ್ಲಾಟರಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುತ್ತಿದ್ದೆವು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾರೋ ಎಲ್ಲಿಂದಲೋ ತಂದುಕೊಟ್ಟ ಲಿಸ್ಪ್ ಫೈಲಿಗೂ (ಆಟೋಕ್ಯಾಡಿಗೆ ಕೆಲಸ ಹೇಳಿಕೊಡಲು ಲಿಸ್ಪ್ ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಂ) ಅದೇ ಮಡಿ. ಲೋಡ್ ಮಾಡು, ತೆರೆದು ನೋಡಬೇಡ, ಕೆಟ್ಟುಹೋಗುತ್ತೆ! ನೋಟ್‌ಪ್ಯಾಡಿನಲ್ಲಿ ತೆರೆದುಕೊಳ್ಳುವ ಸಾದಾ ಬರಹ ಅದು.

ತೆರೆದು ನೋಡಿದರೆ ಒಂದು ಮಜಾ ಕಾದಿರುತ್ತದೆ. ಪರದೆಯ ಮೇಲೆ ನಮಗೆ ಕಾಣುವುದು ಗೆರೆ. ಆಟೋಕ್ಯಾಡಿನ ಹತ್ತಿರ ಇರುವುದು ಒಂದು ಪಟ್ಟಿ. ಪಟ್ಟಿಯ ಪ್ರತಿ ತುಂಡಿನ ತಲೆಗೆ ಒಂದು ಸಂಖ್ಯೆ: 0 ಅಂದರೆ ಇದು ಯಾವ ಜಾತಿಯ ವಸ್ತು, 8 ಅಂದರೆ ಯಾವ ಲೇಯರ್ (ನಕ್ಷೆಯ ಪದರ), 10 ಗೆರೆ ಶುರುವಾದ ಬಿಂದು, 11 ಮುಗಿದ ಬಿಂದು. ವೃತ್ತವಾದರೆ 10 ಕೇಂದ್ರ, 40 ತ್ರಿಜ್ಯ. ಅಕ್ಷರವಾದರೆ 40 ಅದರ ಎತ್ತರ, 1 ಅಲ್ಲಿ ಬರೆದಿರುವ ಮಾತು.

ಪಹಣಿ ಹಿಡಿದು ತಾಲ್ಲೂಕು ಕಚೇರಿ ಅಲೆದವರಿಗೆ ಇದು ಹೊಸದೇನಲ್ಲ. ಹೊಲ ಊರಾಚೆ ಇದೆ, ಕಚೇರಿಯಲ್ಲಿರುವುದು ಕಾಲಂಗಳು. 9ನೇ ಕಾಲಂ ಅಂದರೆ ಸ್ವಾಧೀನದಾರನ ಹೆಸರು, 11 ಅಂದರೆ ಋಣ. ಕಾಲಂ ತಿದ್ದಿದರೆ ಹೊಲದ ಒಡೆಯನೇ ಬದಲಾದ! ಹಾಗೇ ಪಟ್ಟಿಯಲ್ಲಿ 11ರ ಮುಂದಿನ ಅಂಕಿ ತಿದ್ದಿದರೆ ಪರದೆಯಲ್ಲಿ ಗೆರೆ ಉದ್ದವಾಗುತ್ತದೆ, ಮೌಸ್ ಮುಟ್ಟಬೇಕಾಗಿಲ್ಲ. ಇನ್ನೊಂದು ಹೋಲಿಕೆ ಬೇಕಾದರೆ ರಂಗೋಲಿ. "15ರಿಂದ 8, ಮಧ್ಯ ಚುಕ್ಕಿ" ಎಂದು ಅಜ್ಜಿ ಅಡುಗೆಮನೆಯಿಂದ ಕೂಗಿದರೆ ಅಂಗಳದಲ್ಲಿ ಕೂತ ಮೊಮ್ಮಗಳಿಗೆ ಚುಕ್ಕಿಯೆಲ್ಲ ಇಡಲು ಅಷ್ಟು ಸಾಕು. ಅಜ್ಜಿ ಕಳಿಸಿದ್ದು ಚಿತ್ರವನ್ನಲ್ಲ, ಎರಡು ಅಂಕಿ ಮತ್ತು ಒಂದು ನಿಯಮ.

ಇದರಲ್ಲಿ ಇನ್ನೂ ಒಂದು ಸೊಗಸಿದೆ. ಲಿಸ್ಪಿನಲ್ಲಿ ಪ್ರೋಗ್ರಾಂ ಕೂಡ ಪಟ್ಟಿಯೇ. (+ 2 3) ಎಂದು ಬರೆದರೆ ತಲೆಯಲ್ಲಿರುವುದು ಕೆಲಸ, ಹಿಂದಿರುವುದು ಸಾಮಾನು. ಗೆರೆಯೂ ಪಟ್ಟಿ, ಗೆರೆ ಎಳೆಸುವವನೂ ಪಟ್ಟಿ. ಮಡಕೆಯೂ ಮಣ್ಣು, ಕುಂಬಾರನೂ ಮಣ್ಣು. ಆವರಣಚಿಹ್ನೆ ಎಣಿಸಿ ಎಣಿಸಿ ಕಣ್ಣು ಮಂಜಾಗುವುದು ನಿಜ, ಆ ದೂರನ್ನು ಒಪ್ಪುತ್ತೇನೆ.

ಈ ಭಾಷೆ ಹುಟ್ಟಿದ್ದು ನಕ್ಷೆಗಾಗಿ ಅಲ್ಲವೇ ಅಲ್ಲ. 1958ರಲ್ಲಿ ಎಂಐಟಿಯ ಜಾನ್ ಮೆಕಾರ್ಥಿ ಕೃತಕ ಬುದ್ಧಿಮತ್ತೆಯ ಹಂಬಲದಿಂದ ಶುರು ಮಾಡಿದ್ದು. ಮೊದಲು ಓಡಿದ್ದು ಐಬಿಎಂ 704 ಎಂಬ ಯಂತ್ರದಲ್ಲಿ. ಪಟ್ಟಿಯ ಮೊದಲನೆಯದನ್ನು ತೆಗೆಯುವ ಆಜ್ಞೆಗೆ 'ಕಾರ್', ಉಳಿದದ್ದಕ್ಕೆ 'ಕುಡರ್' ಎಂಬ ವಿಚಿತ್ರ ಹೆಸರು ಬಂದದ್ದು ಆ ಯಂತ್ರದ ನೆನಪಿನ ಖಾನೆಯ ಭಾಗಗಳಿಗಿದ್ದ ಹೆಸರುಗಳಿಂದ. ಯಂತ್ರ ಮ್ಯೂಸಿಯಂ ಸೇರಿ ಎಷ್ಟೋ ಕಾಲವಾಯಿತು, ಮೋರಿಯ ಎಕ್ಸ್ ನಿರ್ದೇಶಾಂಕ ಬೇಕಾದವನು ಇವತ್ತಿಗೂ 'ಕಾರ್' ಎಂದೇ ಟೈಪ್ ಮಾಡುತ್ತಾನೆ. ಅದೇ ಎಂಐಟಿಯಲ್ಲಿ ಇವಾನ್ ಸದರ್‌ಲ್ಯಾಂಡ್ 1963ರಲ್ಲಿ ಸ್ಕೆಚ್‌ಪ್ಯಾಡ್ ತೋರಿಸಿದರು: ಬೆಳಕಿನ ಪೆನ್ನು ಹಿಡಿದು ಪರದೆಯ ಮೇಲೆಯೇ ಗೆರೆ; ಮೂಲಚಿತ್ರ ತಿದ್ದಿದರೆ ಅದರ ನಕಲುಗಳೆಲ್ಲ ತಾವೇ ತಿದ್ದಿಕೊಳ್ಳುತ್ತಿದ್ದವು. ಆಟೋಕ್ಯಾಡ್ ಬಂದದ್ದು 1982ರಲ್ಲಿ. 1986ರ ಜನವರಿಯ 2.18 ಆವೃತ್ತಿಯಲ್ಲಿ, ಡೇವಿಡ್ ಬೆಟ್ಜ್ ಬರೆದ ಎಕ್ಸ್‌ಲಿಸ್ಪ್ ಆಧರಿಸಿದ ಆಟೋಲಿಸ್ಪ್ ಅದರೊಳಗೆ ಕೂತಿತು. ನಲವತ್ತು ವರ್ಷವಾಯಿತು, ಇನ್ನೂ ಮಡಿ ಬಿಟ್ಟಿಲ್ಲ ನಮ್ಮವರು.

ನನ್ನ ಪ್ರೋಗ್ರಾಮಿಗೆ ಬರುತ್ತೇನೆ. ಲೆವೆಲ್ ಬುಕ್ಕಿನ ಅಂಕಿಗಳನ್ನೆಲ್ಲ ಒಂದು ಟೆಕ್ಸ್ಟ್ ಫೈಲಿಗೆ ಇಳಿಸಿದೆ: ಚೈನೇಜ್, ನಡುಗೆರೆಯಿಂದ ದೂರ, ಲೆವೆಲ್. ಒಂದೊಂದು ಸಾಲು ಓದು, ದೂರವನ್ನು ಎಕ್ಸ್ ಮಾಡು, ಲೆವೆಲಿನಿಂದ ಡೇಟಂ (ಎತ್ತರ ಎಣಿಸಲು ಹಿಡಿದ ತಳಮಟ್ಟ) ಕಳೆದು ವೈ ಮಾಡು, ಚುಕ್ಕಿಗಳನ್ನು ಸೇರಿಸು, ಪಕ್ಕಕ್ಕೆ ಸರಿ. ಓಡಿಸಿದೆ. ಟೀ ಆರುವುದರೊಳಗೆ 601ನೆಯದೂ ಮುಗಿಯಿತು. ಆಫೀಸೆಲ್ಲ ನನ್ನ ಹಿಂದೆ ನಿಂತಿತ್ತು.

ರಸ್ತೆ ಮಾತ್ರ 6 ಮೀಟರ್ ಅಗಲ ಬಂದಿತ್ತು. ಇರಬೇಕಾದದ್ದು 7.

ತಪ್ಪು ನನ್ನದೇ. ನಡುಗೆರೆಯಿಂದ ಎರಡೂ ಕಡೆ ಅರ್ಧರ್ಧ ಎಂದು (/ 7 2) ಬರೆದಿದ್ದೆ. ಆಟೋಲಿಸ್ಪ್ ಪ್ರಕಾರ ಅದರ ಉತ್ತರ 3. ಪೂರ್ಣಾಂಕವನ್ನು ಪೂರ್ಣಾಂಕದಿಂದಲೇ ಭಾಗಿಸಿದರೆ ಪೂರ್ಣಾಂಕವೇ ವಾಪಸ್ಸು, ಉಳಿದದ್ದನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಏಳು ಕುರಿಯನ್ನು ಅಣ್ಣತಮ್ಮಂದಿರಿಗೆ ಹಂಚಿದ ಹಾಗೆ: ತಲಾ ಮೂರು, ಏಳನೆಯದು ಎಲ್ಲಿ ಹೋಯಿತೆಂದು ಕೇಳಬಾರದು. (/ 7 2.0) ಎಂದು ಬರೆದರೆ 3.5. ಆ ಒಂದು ಚುಕ್ಕಿ "ಇದು ಕುರಿಯಲ್ಲಪ್ಪ, ಹಾಲು" ಎಂದು ಹೇಳಿದಂತೆ.

ಇನ್ನೊಂದು ಕಾಟ ಆಸ್ನ್ಯಾಪಿನದು. ಮೊದಲ ಪ್ರೋಗ್ರಾಮಿನಲ್ಲಿ ನಾವು ಕೈಯಲ್ಲಿ ಟೈಪ್ ಮಾಡುವ ಆಜ್ಞೆಗಳನ್ನೇ ಅದರಿಂದ ಟೈಪ್ ಮಾಡಿಸಿದ್ದೆ. ಆಸ್ನ್ಯಾಪ್ ಚಾಲೂ ಇದ್ದರೆ ಹತ್ತಿರದ ಗೆರೆಯ ತುದಿ ಅಯಸ್ಕಾಂತದಂತೆ ಬಿಂದುವನ್ನು ಎಳೆದುಕೊಳ್ಳುತ್ತದೆ. ಜೂಮ್ ಎಷ್ಟಿದೆ ಎಂಬುದರ ಮೇಲೆ ಒಮ್ಮೆ ಸರಿ, ಒಮ್ಮೆ ತಪ್ಪು. "ಕಂಪ್ಯೂಟರಿನ ಮೂಡು ಸರಿಯಿಲ್ಲ" ಎಂದರು ಒಬ್ಬರು. ಆಜ್ಞೆ ಬಿಟ್ಟು ಪಟ್ಟಿಯನ್ನೇ ಕಟ್ಟಿ, ಪಟ್ಟಿಯಿಂದ ನೇರವಾಗಿ ಗೆರೆ ಹುಟ್ಟಿಸುವ 'ಎಂಟ್‌ಮೇಕ್' ಕೈಗೆ ಕೊಟ್ಟೆ. ಅಲ್ಲಿಗೆ ಮೂಡು ಸರಿಹೋಯಿತು.

ಎರಡನೇ ಸಲ ಓಡಿಸಿ, ಇಡೀ ನಕ್ಷೆ ಪರದೆಯೊಳಗೆ ಕಾಣಲೆಂದು ಜೂಮ್ ಎಕ್ಸ್‌ಟೆಂಟ್ಸ್ ಕೊಟ್ಟರೆ ಪರದೆಯಲ್ಲಿ ಏನೂ ಇಲ್ಲ. ಮೇಲ್ತುದಿಯಲ್ಲಿ ಧೂಳು ಕೂತಂತೆ ಸಣ್ಣ ಸಾಲು, ಅದರಿಂದ ಕೆಳತನಕ ನೇತಾಡುವ ಒಂದೇ ಒಂದು ಕೂದಲು. ಬೋರ್ಡಿನ ಕಾಲದಿಂದ ಇದ್ದ ಹಿರಿಯ ಡ್ರಾಫ್ಟ್ಸ್‌ಮನ್ ಕನ್ನಡಕ ಏರಿಸಿ ನೋಡಿ, "ಬೋರ್‌ವೆಲ್ ಯಾಕೋ ಹಾಕ್ದೆ?" ಅಂದರು. ಲೆವೆಲ್ ಬುಕ್ ತಿರುವಿ 4+360ಕ್ಕೆ, ಅಂದರೆ 4 ಕಿಲೋಮೀಟರ್ 360 ಮೀಟರಿಗೆ, ಬೆರಳಿಟ್ಟರು. 847.45 ಎಂದಿದ್ದದ್ದನ್ನು ನಾನು 87.45 ಎಂದು ಇಳಿಸಿದ್ದೆ. ಪ್ರೋಗ್ರಾಂ ಚಕಾರವೆತ್ತದೆ ನೆಲವನ್ನು 760 ಮೀಟರ್ ಅಗೆದಿತ್ತು.

ಆ ಸಂಜೆ ಎರಡು ಸಾಲು ಸೇರಿಸಿದೆ: ಪಕ್ಕಪಕ್ಕದ ಲೆವೆಲ್‌ಗಳಲ್ಲಿ 5 ಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನಿಂತು ಕೇಳು. ಮಾರನೇ ದಿನ ಅದು ನಿಂತದ್ದು ಒಂದೇ ಕಡೆ, 7+120ರಲ್ಲಿ. ಸರ್ವೆಗೆ ಹೋಗಿದ್ದವರನ್ನು ಕೇಳಿದರೆ, ಅಲ್ಲಿ ನಿಜಕ್ಕೂ ರಸ್ತೆಗೆ ಅಂಟಿಕೊಂಡೇ ಹಳೆಯ ಕಲ್ಲುಕ್ವಾರಿಯ ಗುಂಡಿ ಇದೆಯಂತೆ.