ಒಬ್ಬರಿಗೆ ಪಾಸಿಟಿವ್, ಒಬ್ಬರಿಗೆ ನೆಗೆಟಿವ್: ಸಲಹೆ ಬದಲಾಗುತ್ತಾ ಬಂದ ಬಗೆ

ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಎಚ್‌ಐವಿ ಇದೆ, ಇನ್ನೊಬ್ಬರಿಗೆ ಇಲ್ಲ. ಆಸ್ಪತ್ರೆಯವರು ಇಂಥವರನ್ನು ‘ಡಿಸ್ಕಾರ್ಡೆಂಟ್ ಕಪಲ್’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇವರಿಗೆ ಸಿಗುವ ಸಲಹೆಗಳನ್ನು ಕೇಳಿದರೆ ತಲೆ ಕೆಡುತ್ತದೆ. ‘ಕಾಂಡೋಮ್ ಯಾವತ್ತೂ ಬಿಡಬೇಡಿ’ ಎನ್ನುತ್ತಾರೆ ಒಬ್ಬರು. ‘ಮಾತ್ರೆ ಸರಿಯಾಗಿ ತಗೊಂಡ್ರೆ ಹರಡೋದೇ ಇಲ್ಲ’ ಎನ್ನುತ್ತಾರೆ ಇನ್ನೊಬ್ಬರು. ಮನೆಯ ಹಿರಿಯರಿಗೆ ಗೊತ್ತಾದರೆ ಹಾಸಿಗೆ, ತಟ್ಟೆ, ಲೋಟ ಎಲ್ಲವೂ ಬೇರೆ. ಮೊದಲ ಎರಡು ಮಾತು ಬೇರೆ ಬೇರೆ ಕಾಲದ ವೈದ್ಯಕೀಯ ತಿಳಿವಳಿಕೆಯಿಂದ ಬಂದವು. ಮೂರನೆಯದು ಭಯದಿಂದ ಬಂದದ್ದು. ತಟ್ಟೆ ಲೋಟದಿಂದ ಎಚ್‌ಐವಿ ಹರಡುವುದಿಲ್ಲ.

1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಪ್ರಕರಣಗಳು ಪತ್ತೆಯಾದವು, 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಅಂದರೆ ನ್ಯಾಕೋ ಬಂತು, 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತವಾಗಿ ಎಆರ್‌ಟಿ, ಅಂದರೆ ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆ, ಕೊಡಲು ಶುರುಮಾಡಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಬೆಂಗಳೂರಿನವರು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ದಾರಿ ಹಿಡಿದರು.

ಇಂದಿನ ಗೊಂದಲದ ಬೇರು ಇರುವುದು ಅದರ ನಂತರದ ಹನ್ನೆರಡು ಹದಿಮೂರು ವರ್ಷಗಳಲ್ಲಿ. ಆಗ ಪಾಸಿಟಿವ್ ಬಂದ ತಕ್ಷಣ ಮಾತ್ರೆ ಸಿಗುತ್ತಿರಲಿಲ್ಲ. ಮೊದಲು ಸಿಡಿ4 ಪರೀಕ್ಷೆ. ರೋಗ ತಡೆಯುವ ಒಂದು ಬಗೆಯ ಬಿಳಿ ರಕ್ತಕಣ ಎಷ್ಟಿದೆ ಎಂಬ ಲೆಕ್ಕ ಅದು. ಶುರುವಿನಲ್ಲಿ ಈ ಸಂಖ್ಯೆ 200ಕ್ಕಿಂತ ಕೆಳಗಿಳಿದವರಿಗೆ ಮತ್ತು ಕಾಯಿಲೆ ಉಲ್ಬಣಿಸಿದವರಿಗೆ ಮಾತ್ರ ಮಾತ್ರೆ. ಆಮೇಲೆ ಈ ಗೆರೆ 350ಕ್ಕೆ ಏರಿತು, ಮುಂದೆ 500ಕ್ಕೆ. ‘ನಿಮ್ಮ ಕೌಂಟ್ ಚೆನ್ನಾಗಿದೆ, ಮಾತ್ರೆ ಈಗಲೇ ಬೇಡ’ ಎಂದರೆ ಅದು ಒಳ್ಳೆ ಸುದ್ದಿ. ಆದರೆ ಮನೆಯಲ್ಲಿರುವ ನೆಗೆಟಿವ್ ಸಂಗಾತಿಯ ಕಡೆಯಿಂದ ನೋಡಿ. ಮಾತ್ರೆ ಶುರುವಾಗುವವರೆಗೆ ವೈರಸ್ಸಿಗೆ ಕಡಿವಾಣವೇ ಇಲ್ಲ. ಅಷ್ಟೂ ದಿನ ಕಾಂಡೋಮ್ ಒಂದೇ ಆಸರೆ.

ಕಾಂಡೋಮ್ ಒಳ್ಳೆಯ ಆಸರೆಯೇ, ಅನುಮಾನ ಬೇಡ. ಆದರೆ ಬದುಕು ಅಷ್ಟು ಸಲೀಸಲ್ಲವಲ್ಲ. ಹೆಂಡತಿ ತಾನಾಗಿ ಕಾಂಡೋಮ್ ಕೇಳಿದರೆ ಅವಳ ಮೇಲೇ ಅನುಮಾನ. ಮದುವೆಯಾಗಿ ವರ್ಷ ತುಂಬುವುದರೊಳಗೆ ‘ಏನಾದ್ರೂ ವಿಶೇಷನಾ?’ ಎಂದು ಕೇಳುವ ಅತ್ತೆ. ಮಗು ಬೇಕು ಅನ್ನುವ ಜೋಡಿಗೆ ‘ಕಾಂಡೋಮ್ ಹಾಕಿ’ ಎಂದರೆ ಅದು ಉತ್ತರವಾಗುವುದಿಲ್ಲ. ಆ ವರ್ಷಗಳ ಸಲಹೆಯಲ್ಲಿ ಈ ಜೋಡಿಗಳ ಆಸೆಗೆ ಜಾಗ ತುಂಬಾ ಕಡಿಮೆ ಇತ್ತು.

2011ರಲ್ಲಿ ಲೆಕ್ಕಾಚಾರವೇ ತಿರುಗಿತು. ಒಂಬತ್ತು ದೇಶಗಳ ಇಂಥ 1,763 ಜೋಡಿಗಳ ಮೇಲೆ ಎಚ್‌ಪಿಟಿಎನ್ 052 ಎಂಬ ಅಧ್ಯಯನ ನಡೆದಿತ್ತು. ಅದರಲ್ಲಿ ಚೆನ್ನೈ, ಪುಣೆಯ ಜೋಡಿಗಳೂ ಇದ್ದರು. ಸಂಗಾತಿಯಿಂದಲೇ ಬಂದದ್ದು ಎಂದು ಖಚಿತವಾದ ಸೋಂಕು ಆಗ 28. ಅದರಲ್ಲಿ 27 ಆಗಿದ್ದು ಮಾತ್ರೆ ತಡವಾಗಿ ಶುರುಮಾಡುವ ಗುಂಪಿನಲ್ಲಿ. ಬೇಗ ಶುರುಮಾಡಿದವರಲ್ಲಿ ಒಂದೇ ಒಂದು. ಆಮೇಲೆ ಯೂರೋಪಿನಲ್ಲಿ ನಡೆದ ಪಾರ್ಟ್‌ನರ್ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು, ಎರಡನೇ ಹಂತದ್ದು 2019ರಲ್ಲಿ. ಎರಡನೆಯದು ಗಂಡು-ಗಂಡು ಜೋಡಿಗಳದ್ದು. ವೈರಸ್ ಹತೋಟಿಯಲ್ಲಿದ್ದಾಗ ಕಾಂಡೋಮ್ ಇಲ್ಲದ ಸಂಪರ್ಕದಲ್ಲೂ ಸಂಗಾತಿಯಿಂದ ಸಂಗಾತಿಗೆ ದಾಟಿದ ಸೋಂಕು ಸೊನ್ನೆ.

2017ರಲ್ಲಿ ಭಾರತ ಸಿಡಿ4 ಗೆರೆಯನ್ನೇ ತೆಗೆದುಹಾಕಿತು. ಪಾಸಿಟಿವ್ ಬಂದರೆ ಮಾತ್ರೆ, ಅಷ್ಟೇ. ಈಗ ಬಹುತೇಕರಿಗೆ ದಿನಕ್ಕೆ ಒಂದೇ ಮಾತ್ರೆ. ಹಾಗಂತ ಒಂದು ಮಾತ್ರೆ ನುಂಗುವುದು ಸುಲಭ ಅಂದುಕೊಳ್ಳಬೇಡಿ. ಒಂದು ರೂಮಿನ ಬಾಡಿಗೆ ಮನೆಯಲ್ಲಿ ಡಬ್ಬಿ ಎಲ್ಲಿಡುವುದು? ಲೇಬಲ್ ಕಿತ್ತು ಹಾಕುವವರಿದ್ದಾರೆ. ಅಲುಗಾಡಿಸಿದರೆ ಸದ್ದಾಗದ ಹಾಗೆ ಡಬ್ಬಿಯೊಳಗೆ ಹತ್ತಿ ತುರುಕುವವರಿದ್ದಾರೆ. ಊರಿನಿಂದ ನೆಂಟರು ಬಂದ ವಾರ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪುತ್ತಾ ಹೋದರೆ ವೈರಸ್ ಮತ್ತೆ ಏರುತ್ತದೆ, ಸಂಗಾತಿಗೆ ಸಿಕ್ಕ ರಕ್ಷಣೆಯೂ ಹೋಗುತ್ತದೆ.

ಹತೋಟಿ ಗೊತ್ತಾಗುವುದು ವೈರಲ್ ಲೋಡ್ ಪರೀಕ್ಷೆಯಿಂದ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕದಿಂದ. ಮಾತ್ರೆ ಶುರುವಾಗಿ ಆರು ತಿಂಗಳಾದಾಗ ಒಂದು ಸಲ, ವರ್ಷವಾದಾಗ ಇನ್ನೊಂದು ಸಲ, ಆಮೇಲೆ ವರ್ಷಕ್ಕೊಂದು ಸಲ. ಒಂದು ಮಿಲಿಲೀಟರ್ ರಕ್ತದಲ್ಲಿ 200 ಕಾಪಿಗಿಂತ ಕಡಿಮೆ ಇದ್ದು, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಇದನ್ನೇ ‘ಯು ಈಕ್ವಲ್ಸ್ ಯು’ ಎನ್ನುವುದು, ಅಂದರೆ ‘ಅನ್‌ಡಿಟೆಕ್ಟಬಲ್ ಆದರೆ ಅನ್‌ಟ್ರಾನ್ಸ್‌ಮಿಟಬಲ್’, ಪರೀಕ್ಷೆಯಲ್ಲಿ ಕಾಣದಷ್ಟು ಇಳಿದರೆ ಹರಡುವುದಿಲ್ಲ. ಅಲ್ಲಿಯವರೆಗೆ ಕಾಂಡೋಮ್ ಬೇಕು. ಬೇರೆ ಲೈಂಗಿಕ ಸೋಂಕುಗಳಿಗೆ ಆಮೇಲೂ ಅದೇ ರಕ್ಷಣೆ. ಮಗು ಬೇಕೆನ್ನುವವರು ವೈದ್ಯರ ಜೊತೆ ಮಾತಾಡಿ ಸಹಜವಾಗಿಯೇ ಗರ್ಭ ಧರಿಸಬಹುದು.

ವಿಜ್ಞಾನ ಇಲ್ಲಿಗೆ ಬಂದು ನಿಂತಿದೆ. ಮಾತು ಮಾತ್ರ ಅರ್ಧದಾರಿಯಲ್ಲೇ ಇದೆ. ರಿಪೋರ್ಟ್ ತೋರಿಸಿ ವಿವರಿಸುವುದು ಪಾಸಿಟಿವ್ ಇರುವವರಿಗೆ. ನೆಗೆಟಿವ್ ಸಂಗಾತಿ ಹೊರಗಿನ ಬೆಂಚಿನಲ್ಲಿ, ಇಲ್ಲವೇ ಮನೆಯಲ್ಲಿ. ಗುಟ್ಟು ಕಾಯುವುದು ಬೇಕೇ ಬೇಕು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯೂ ಅದನ್ನೇ ಹೇಳುತ್ತದೆ. ಹೊಡೆತ ಬೀಳಬಹುದು, ಮನೆಯಿಂದ ಆಚೆ ಹಾಕಬಹುದು ಎಂಬ ಭಯವಿರುವ ಹೆಣ್ಣುಮಕ್ಕಳಿಗೆ ಆ ಕಾಯ್ದೆ ದೊಡ್ಡ ಬಲ. ಆದರೆ ಇಬ್ಬರಿಗೂ ವಿಷಯ ಗೊತ್ತಿದ್ದು, ಇಬ್ಬರೂ ಒಪ್ಪಿದ ಮೇಲೂ ಒಬ್ಬರನ್ನೇ ಒಳಗೆ ಕರೆದು ಮಾತಾಡುವುದು ಯಾಕೆ? ವೈರಲ್ ಲೋಡ್ ಚೀಟಿಯ ಅರ್ಥವನ್ನು ಇಬ್ಬರೂ ಒಟ್ಟಿಗೆ ಕೇಳಬೇಕು.

ನೆಗೆಟಿವ್ ಇರುವವರ ಕೈಯಲ್ಲೂ ದಾರಿಗಳಿವೆ. ಕಾಂಡೋಮ್ ಹರಿದು ಅಪಾಯ ಎನಿಸಿದರೆ 72 ಗಂಟೆಯೊಳಗೆ ಪೆಪ್, ಅಂದರೆ ಸೋಂಕು ತಗುಲದಂತೆ ತಡೆಯುವ ಮಾತ್ರೆ, ಶುರುಮಾಡಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಅದು 28 ದಿನದ ಮಾತ್ರೆ. ಸಂಗಾತಿಯ ವೈರಲ್ ಲೋಡ್ ಇಳಿಯುವವರೆಗೆ ಮುನ್ನೆಚ್ಚರಿಕೆಯಾಗಿ ನುಂಗುವ ಪ್ರೆಪ್ ಇದೆ. ಅದಕ್ಕೆ 2022ರಲ್ಲಿ ರಾಷ್ಟ್ರೀಯ ಮಾರ್ಗಸೂಚಿಯೂ ಬಂದಿದೆ, ವೈದ್ಯರ ಚೀಟಿ ಬೇಕು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷೆ ಉಚಿತ. ಅಲ್ಲಿಗೆ ಹೋಗುವ ಮೊದಲು ಏನಾದರೂ ಕೇಳಬೇಕು ಅನಿಸಿದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು, ಅದಕ್ಕೂ ದುಡ್ಡಿಲ್ಲ.